ಹೆಬ್ಬೆರಳು ಯಾವ ಕಡೆ

ನನ್ನ ಹೆಂಡತಿ ಬೀಬೀಜಾನ ಪರದೇಶಕ್ಕೆ ಹೋಗಿ ಬಂದಳು ಅಂದರೆ ನಮ್ಮ ಮುಂಬೈಯ ಭಾಂಡುಪ್‌ನ ಚಾಳಿನಲ್ಲಿ ಅರ್ಧ ಜನ ಇನ್ನೂ ನಂಬುವುದಿಲ್ಲ. ಪಾಸ್‌ಪೋರ್ಟ್ ತೋರಿಸು ಅನ್ನುತ್ತಾರೆ. ತೋರಿಸಿದರೆ ಒಳಗೆ ಒಂದು ಮುದ್ರೆಯೂ ಇಲ್ಲ, ಫೋಟೊದಲ್ಲಿ ಅವಳು ಮಾತ್ರ ಕಣ್ಣು ಅಗಲಿಸಿಕೊಂಡು ಕೂತಿದ್ದಾಳೆ. ಹಾಗಾಗಿ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕಾಗುತ್ತದೆ. ಹೇಳುವುದು ಬೇಜಾರೇನಲ್ಲ. ನಿಜ ಹೇಳಬೇಕೆಂದರೆ, ಯಾರಾದರೂ ಕೇಳಲಿ ಅಂತ ನಾನೇ ಕಾಯುತ್ತಿರುತ್ತೇನೆ.

ನನ್ನ ಹೆಸರು ಇಮಾಮಸಾಬ, ಗುಳೇದಗುಡ್ಡದ ಕಡೆಯವನು. ಭಾಂಡುಪ್ ಸ್ಟೇಷನ್ನಿನ ಹೊರಗೆ ವಡಾಪಾವ್ ಗಾಡಿಯ ಪಕ್ಕದಲ್ಲಿ ಮೂವತ್ನಾಲ್ಕು ವರ್ಷದಿಂದ ಗಾಜಿನ ಬಳೆ ಇಟ್ಟುಕೊಂಡು ಕೂತಿದ್ದೇನೆ. ಬಳೆ ತರುವವನು ನಾನು, ಜೋಡಿಸುವವನು ನಾನು, ಬೈಯುವವನೂ ನಾನೇ. ಆದರೆ ಹೆಂಗಸರು ಕಾಯುವುದು ಬೀಬೀಜಾನಳಿಗೆ. ಅವಳ ಕೈ ಹಗುರ. ಎಂಥ ಒರಟು ಮುಷ್ಟಿಯಾದರೂ ಎರಡು ಸಲ ಒತ್ತಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಸ್ವಲ್ಪ ತಿರುವಿದಳೆಂದರೆ ಬಳೆ ಮಣಿಕಟ್ಟಿಗೆ ಬಂದು ಕೂತಿರುತ್ತದೆ. ಛಟ್ ಪೂಜೆಯ ಹಿಂದಿನ ವಾರ ಉತ್ತರಪ್ರದೇಶದ ಗೋರಖಪುರ, ಬಸ್ತಿ ಕಡೆಯ ಹೆಂಗಸರು ಸಾಲುಗಟ್ಟಿ ನಿಲ್ಲುತ್ತಾರೆ. ನಾನು ಕೈ ಚಾಚಿದರೆ, "ನಹೀ ಚಾಚಾ, ಚಾಚಿ ಸೇ ಪಹನೇಂಗೆ" ಅಂತ, ಬೀಬೀಜಾನಳೇ ತೊಡಿಸಲಿ ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಆರು ವರ್ಷದ ಹಿಂದೆ ವಿಕ್ರೋಳಿಯಲ್ಲಿ ಒಂದು ಟ್ರಸ್ಟ್‌ನವರು ಕೈ ಕಳೆದುಕೊಂಡವರಿಗೆ ಪ್ಲಾಸ್ಟಿಕ್ ಕೈ ಮಾಡಿಕೊಡುವ ಕಾರ್ಖಾನೆ ಶುರುಮಾಡಿದರು. ಪುಕ್ಕಟೆ ಕೊಡುತ್ತಾರೆ. ಆ ಕೈಯನ್ನು ತೋಳಿಗೆ ಬಿಗಿಯುವ ಪಟ್ಟಿ ಹೊಲಿಯುವುದಕ್ಕೆ ಹೆಂಗಸರು ಬೇಕೆಂದರು, ಬೀಬೀಜಾನ ಅರ್ಧ ದಿನದ ಕೆಲಸಕ್ಕೆ ಹೋದಳು. ಅಲ್ಲಿನ ದೊಡ್ಡವರು ಡಾಕ್ಟರ್ ಬಸವಂತರಾಯರು, ಕಲಬುರಗಿಯವರು. ಕೈಯ ನಕ್ಷೆ ಮಾಡುವವಳು ಶೈಲಾ, ಬೊರಿವಲಿಯಿಂದ ಎರಡು ಲೋಕಲ್ ಬದಲಿಸಿ ಬರುವ ಎಂಜಿನಿಯರ್ ಹುಡುಗಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅದು ಹಿಂದಿಯ ಕೈ ಹಿಡಿದುಕೊಂಡು ಬರುತ್ತದೆ.

ಒಂದು ದಿನ ಒಬ್ಬ ಮನುಷ್ಯನಿಗೆ ಕೈ ಕೂರಿಸಲಾಗದೆ ಇಬ್ಬರೂ ಒದ್ದಾಡುತ್ತಿದ್ದರಂತೆ. ಮಣಿಕಟ್ಟಿನ ತನಕ ತೋಳು ಉಳಿದವರ ತುದಿ ದಪ್ಪಗಿರುತ್ತದೆ, ಅದರ ಮೇಲೆ ಸಣ್ಣ. ತುದಿ ದಾಟುವಷ್ಟು ಅಗಲ ಮಾಡಿದರೆ ಮೇಲೆ ನಿಲ್ಲುವುದಿಲ್ಲ, ನಿಲ್ಲುವಷ್ಟು ಬಿಗಿ ಮಾಡಿದರೆ ಒಳಗೇ ಹೋಗುವುದಿಲ್ಲ. ಸೂಜಿ ಹಿಡಿದು ಕೂತಿದ್ದ ಬೀಬೀಜಾನ ಎದ್ದು ಬಂದು, "ಇದು ಬಳಿ ಕಥಿನ ಅದರೀ" ಅಂದಳಂತೆ. ತುದಿಗೆ ಸಾಬೂನು ಸವರಿದಳು, ಮಾಂಸ ಒತ್ತಿ ಹಿಡಿದಳು, ಓರೆಯಾಗಿ ತಿರುವಿದಳು. ಕೈ ಹೋಗಿ ಕೂತಿತು. ಅಂದಿನಿಂದ ಆ ಕಾರ್ಖಾನೆಯ ಕೈಗಳಲ್ಲಿ ತೋಳು ತೂರಿಸುವ ಬಾಯಿ ನೆಟ್ಟಗಿರುವುದಿಲ್ಲ, ಒಂದು ಬೆರಳಿನಷ್ಟು ಓರೆ ಇರುತ್ತದೆ. ಅಂದಿನಿಂದ ಅವಳು ಪಟ್ಟಿ ಹೊಲಿಯುವುದನ್ನೂ ಬಿಟ್ಟಳು. ಅಳತೆ ತೆಗೆಯುವುದು, ತೊಡಿಸುವುದು ಅವಳ ಕೆಲಸವಾಯಿತು.

ಇಷ್ಟು ಹೆಚ್ಚುಗಾರಿಕೆ ಹೇಳಿದ ಮೇಲೆ ತಪ್ಪನ್ನೂ ಹೇಳಬೇಕಲ್ಲ.

ಹೋದ ವರ್ಷ ನೇಪಾಳದ ಬುಟವಲ್ ಅನ್ನುವ ಊರಿನಿಂದ ಹನ್ನೆರಡು ಜನರಿಗೆ ಕೈ ಬೇಕೆಂದು ಕೇಳಿದ್ದರು. ಹೋಗುವಷ್ಟು ಅನುಕೂಲವಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಒಬ್ಬೊಬ್ಬರನ್ನೇ ಕೂರಿಸಿದರು. ಬೀಬೀಜಾನ ಇಲ್ಲಿಂದ ಹೇಳುವುದು, ಅಲ್ಲಿಯವರು ದಾರ ಸುತ್ತಿ ಅಳೆಯುವುದು, ಶೈಲಾ ಬರೆದುಕೊಳ್ಳುವುದು. ಅದರಲ್ಲಿ ಒಬ್ಬಳು ಮನಮಾಯಾ. ನಮ್ಮ ಬೀಬಿಗಿಂತ ಹತ್ತು ವರ್ಷ ಚಿಕ್ಕವಳು, ಬೆಟ್ಟದ ಮೇಲಿನ ಹಳ್ಳಿಯವಳು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟಿದ್ದಳು. "ಎಡಗೈ" ಅಂದಳು ಬೀಬೀಜಾನ. ಶೈಲಾ ಎಡಗೈ ಎಂದು ಬರೆದಳು. ಎಡಗೈ ತಯಾರಾಗಿ ಪಾರ್ಸಲ್ ಹೋಯಿತು. ಮನಮಾಯಾಳಿಗೆ ಇಲ್ಲದ್ದು ಬಲಗೈ.

ಇದು ಹೇಗಾಯಿತೆಂದು ಟ್ರಸ್ಟ್‌ನವರಿಗೆ ತಿಳಿಯಲಿಲ್ಲ, ನನಗೆ ಕೇಳಿದ ಕೂಡಲೇ ತಿಳಿಯಿತು. ಬಳೆಗಾರರು ಗಿರಾಕಿಯ ಎದುರಿಗೆ ಕೂರುತ್ತಾರೆ. ನಮ್ಮ ಎಡಗಡೆಗೆ ಬರುವ ಕೈಗೆ ನಮ್ಮಲ್ಲಿ ಎಡಗೈ ಅನ್ನುವುದೇ ರೂಢಿ, ಅದು ಗಿರಾಕಿಯ ಬಲಗೈ ಆಗಿದ್ದರೂ ಸರಿ. ನಮ್ಮವ್ವ ಹಾಗೇ ಅನ್ನುತ್ತಿದ್ದಳು, ಬೀಬೀಜಾನಳಿಗೆ ಕಲಿಸಿದವಳೂ ಅವಳೇ. ಬಳೆಯಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ, ಬಳೆಗೆ ಎಡಬಲ ಎಲ್ಲಿದೆ? ಕಾರ್ಖಾನೆಯಲ್ಲಿ ಮನುಷ್ಯ ಎದುರಿಗೇ ಕೂತು, ಯಾವ ಕೈ ಇಲ್ಲವೆಂದು ಎಲ್ಲರಿಗೂ ಕಾಣುವುದರಿಂದ ಅಲ್ಲಿಯೂ ತಪ್ಪಿರಲಿಲ್ಲ. ಆ ದಿನ ಫೋನಿನ ಎದುರು ಕೂತು, ಮನಸ್ಸೆಲ್ಲ ದಾರದ ಸುತ್ತಿನ ಮೇಲಿಟ್ಟಿದ್ದ ಬೀಬೀಜಾನಳ ಬಾಯಿಗೆ ಮೂವತ್ತೆಂಟು ವರ್ಷದ ರೂಢಿಯ ಮಾತು ಬಂದುಬಿಟ್ಟಿತ್ತು.

ಅಲ್ಲಿಂದ ಫೋಟೊ ಬಂತು. ಮನಮಾಯಾ ಕೈ ತೊಟ್ಟುಕೊಂಡು ನಿಂತಿದ್ದಳು. ಹೆಬ್ಬೆರಳು ಮೈಕಡೆ ಇರಬೇಕಾದದ್ದು ಹೊರಗಡೆ ಹೋಗಿತ್ತು. ಪಾಪ, ಅವಳು ನಗುತ್ತಿದ್ದಳು. ನಮಸ್ಕಾರ ಮಾಡಿದ ಇನ್ನೊಂದು ಫೋಟೊ ಇತ್ತು. ಅದರಲ್ಲಿ ಒಂದು ಹೆಬ್ಬೆರಳು ಎದೆಯ ಕಡೆ, ಇನ್ನೊಂದು ನಮ್ಮ ಕಡೆ.

ಬೀಬೀಜಾನ ಆ ಫೋಟೊವನ್ನು ಎಷ್ಟು ಸಲ ನೋಡಿದಳೋ ಗೊತ್ತಿಲ್ಲ. ಡಾಕ್ಟರು, "ತಪ್ಪು ನಮ್ಮದೂ ಅದ ಚಾಚಿ, ಯಾರೂ ಎರಡನೇ ಸಲ ಕೇಳಲಿಲ್ಲ. ಹೊಸಾದ ಮಾಡಿ ಪಾರ್ಸಲ್ ಕಳಿಸೋಣು" ಅಂದರು. ಇವಳು ಒಪ್ಪಲಿಲ್ಲ. ಮನೆಗೆ ಬಂದು ನನ್ನ ಎದುರು ಕೂತಳು.

"ತೊಡಸೂ ಮುಂದ ಒಡದ ಬಳಿ ಯಾರದ್ರೀ?"

"ಬಳಿಗಾರಂದ."

"ಮತ್ತ ಹೊಸಾ ಬಳಿ ಪೋಸ್ಟಿನ್ಯಾಗ ಕಳಸ್ತೀವೇನು? ಅದ ಕೈ ಹಿಡದು ತೊಡಸ್ತೀವಿ ಹೌದಿಲ್ಲೊ?"

"ಏ, ಅದು ಗಾಜಿನ ಬಳಿ ಮಾತು. ಇದು ಪಿಲಾಸ್ಟಿಕ್ ಕೈ. ನೀ ಹೋಗಿ ನೇಪಾಳದಾಗ ಏನ್ ಮಾಡ್ತಿ? ವಿಕ್ರೋಳಿಗೆ ಹೋಗೂದಕ್ಕ ಸ್ಟೇಷನ್ನಾಗಿನ ಗಾಡಿ ಇಂಡಿಕೇಟರ್ ನೋಡಾಕ ಬರಂಗಿಲ್ಲ ನಿನಗ."

"ಗಾಜಿಂದ ಇರಲಿ, ಪಿಲಾಸ್ಟಿಕ್‌ದ ಇರಲಿ. ನನ್ನ ಕೈಯಾಗ ಕೆಟ್ಟದ್ದು ನನ್ನ ಕೈಲೇ ಸುದ್ದ ಆಗಬೇಕು."

ನಮ್ಮ ಕಸುಬಿನ ಕಟ್ಟಳೆಯೇ ಅದು. ತೊಡಿಸುವಾಗ ಒಡೆದರೆ ಎಷ್ಟೇ ಬಳೆ ಹೋಗಲಿ, ಕೈ ತುಂಬುವ ತನಕ ಬಳೆಗಾರ ಎದ್ದು ಹೋಗುವಂತಿಲ್ಲ. ನಮ್ಮವ್ವ ಸೋನಾರ್ ಓಣಿಯ ಒಬ್ಬ ಮದುಮಗಳಿಗೆ ಬಳೆ ತೊಡಿಸಲು ಮಧ್ಯಾಹ್ನ ಕೂತವಳು ದೀಪ ಹಚ್ಚುವ ಹೊತ್ತಿಗೆ ಎದ್ದಿದ್ದನ್ನು ನಾನೇ ನೋಡಿದ್ದೇನೆ.

ಬೀಬೀಜಾನ ಡಾಕ್ಟರನ್ನು ಬಿಡಲಿಲ್ಲ. ಅವರು ಬುಟವಲ್‌ನವರ ಜೊತೆ ಮಾತಾಡಿ, ಡಿಸೆಂಬರ್ ರಜೆಯಲ್ಲಿ ಮೂರು ದಿನದ ಶಿಬಿರ ಇಟ್ಟರು. ಅಲ್ಲಿನ ಒಂದು ಶಾಲೆಗೆ ಚಳಿಗಾಲದ ರಜೆ, ಅಲ್ಲೇ ಜಾಗ ಸಿಕ್ಕಿತು. ಈ ಸಲ ಹನ್ನೆರಡಲ್ಲ, ನಲವತ್ತೊಂದು ಜನ. ಹೋಗುವವರು ಡಾಕ್ಟರು, ಶೈಲಾ, ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಬೀಬೀಜಾನ. ಮುಂಬೈಯಿಂದ ಕಾಠ್ಮಂಡು, ಅಲ್ಲಿಂದ ಸಣ್ಣ ವಿಮಾನ. ಟ್ರಸ್ಟ್‌ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಟೆಕ್ನಿಶಿಯನ್' ಎಂದು ಬರೆದಿದ್ದರು. ಆ ಕಾಗದವನ್ನು ನಾನು ಲ್ಯಾಮಿನೇಷನ್ ಮಾಡಿಸಿದೆ. ಅವಳು ಬೈದಳು. ಬೈಯಲಿ.

ಹೊಸ ಪಾಸ್‌ಪೋರ್ಟ್ ಬಂತು. ಮನಮಾಯಾಳ ಬಲಗೈ ಎಲ್ಲಕ್ಕಿಂತ ಮೊದಲು ತಯಾರಾಯಿತು. ಅದನ್ನು ಪೆಟ್ಟಿಗೆಗೆ ಹಾಕಲು ಬೀಬಿ ಬಿಡಲಿಲ್ಲ, ಹಳೆಯ ಓಢಣಿಯಲ್ಲಿ ಸುತ್ತಿ ತನ್ನ ಕೈಚೀಲದಲ್ಲೇ ಇಟ್ಟುಕೊಂಡಳು. ನಾನು ಒಂದು ಡಬ್ಬಿಯಲ್ಲಿ ಎರಡು ಡಜನ್ ಹಸಿರು ಬಳೆ ಹಾಕಿ ಕೊಟ್ಟೆ. "ತಪ್ಪ ಮಾಡಿದ ಗಿರಾಕಿ ಮನಿಗೆ ಬರಿಗೈಲೆ ಹೋಗಬ್ಯಾಡ" ಅಂದೆ.

ಡಿಸೆಂಬರ್ ಇಪ್ಪತ್ನಾಲ್ಕರ ಬೆಳಿಗ್ಗೆ ಏರ್‌ಪೋರ್ಟಿಗೆ ಬಿಡಲು ನಾನೂ ಹೋದೆ. ಒಳಗೆ ಬಿಡುವುದಿಲ್ಲ, ಹೊರಗೆ ಕಂಬಿಯ ಹತ್ತಿರ ನಿಂತೆ. ಹತ್ತು ನಿಮಿಷಕ್ಕೊಂದು ಫೋನು. ವಿಮಾನ ಎರಡು ತಾಸು ತಡ. ಆಮೇಲೆ ಐದು ತಾಸು. ಕಾಠ್ಮಂಡುವಿನಲ್ಲಿ ಮಂಜು ಮುಸುಕಿದೆ, ಒಂದು ವಿಮಾನವೂ ಇಳಿಯುತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ರದ್ದು ಅಂದರು. ಐದು ಜನ ಮೂರು ಪೆಟ್ಟಿಗೆ ತಳ್ಳಿಕೊಂಡು ಹೊರಗೆ ಬಂದರು. ರಜೆಯ ದಿನಗಳು, ಮುಂದೆ ಸೀಟು ಸಿಗುವುದು ಮೂವತ್ತಕ್ಕೆ. ಶಿಬಿರ ಇಪ್ಪತ್ತೆಂಟರಿಂದ ಮೂವತ್ತರ ತನಕ. ಜನವರಿ ಐದಕ್ಕೆ ಡಾಕ್ಟರ ಆಸ್ಪತ್ರೆ ಡ್ಯೂಟಿ ಶುರು.

ಡಾಕ್ಟರು ಟ್ರಸ್ಟ್‌ನವರ ಜೊತೆ ಫೋನಿನಲ್ಲಿ ಮಾತಾಡಿ ಬಂದು ಪೆಟ್ಟಿಗೆಯ ಮೇಲೆ ಕೂತರು. "ಮಾರ್ಚ್‌ಗೆ ಮುಂದ ಹಾಕಂತಾರ. ಏನ್ ಮಾಡೂದು, ಮಂಜಿನ ಜೊತಿ ಜಗಳಾಡಾಕ ಬರತದೇನು?"

"ಮಾರ್ಚ್‌ನ್ಯಾಗ ಅವರು ಬರತಾರೇನ್ರೀ ಡಾಕ್ಟರಸಾಬ್ರ?" ಅಂದಳು ಬೀಬೀಜಾನ.

ಡಾಕ್ಟರು ಬುಟವಲ್‌ಗೆ ಫೋನ್ ಮಾಡಿದರು. ಅಲ್ಲಿಯವರು ಹೇಳಿದ್ದನ್ನು ನಮಗೆ ಹೇಳುವಾಗ ಅವರ ದನಿ ಇಳಿದಿತ್ತು. ದೂರದ ಹಳ್ಳಿಯವರು ಆಗಲೇ ಹೊರಟಿದ್ದಾರೆ, ಮೂರು ದಿನ ನಡೆದು ಬರುವವರಿದ್ದಾರೆ, ಅವರ ಹತ್ತಿರ ಫೋನಿಲ್ಲ, ತಡೆಯುವುದಕ್ಕೂ ಆಗುವುದಿಲ್ಲ. ಮಾರ್ಚ್‌ನಲ್ಲಿ ಹೊಲದ ಕೆಲಸ, ಆಗ ಅರ್ಧ ಜನವೂ ಬೆಟ್ಟದಿಂದ ಇಳಿಯುವುದಿಲ್ಲ. ಮನಮಾಯಾ ಹೊರಟಳಾ ಅಂತ ಬೀಬಿ ಕೇಳಿಸಿದಳು. ಹೊರಟಿದ್ದಾಳೆ.

ನನ್ನ ಹೆಂಡತಿಯ ಮುಖ ನೋಡಿದೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಆ ಮುಖ ಬಂದರೆ ನಾನು ಜಾಗ ಖಾಲಿ ಮಾಡುತ್ತೇನೆ. ಅವಳು ಓಢಣಿ ಬಿಗಿ ಮಾಡಿಕೊಂಡು, "ಗೋರಖಪುರಕ್ಕ ಹೋಗೂಣ್ರೀ" ಅಂದಳು.

"ಗೋರಖಪುರಾ?" ಅಂದಳು ಶೈಲಾ. "ಚಾಚಿ, ವೋ ತೋ ಯುಪಿ ಮೇ... ಅಲ್ಲಿ ಏನು ಇದೆ?"

"ಅಲ್ಲಿಂದ ಬಸ್ಸಿಗೆ ಮೂರು ತಾಸಿಗೆ ಸೋನೌಲಿ. ಸೋನೌಲಿಯಾಗ ಒಂದು ಕಮಾನು ಅದ, ನಡಕೊಂಡ ಈ ಕಡಿಂದ ಆ ಕಡಿ ಹೋದ್ರ ನೇಪಾಳ. ಅಲ್ಲಿಂದ ಬುಟವಲ್ ಒಂದ್ ತಾಸು. ನಾಳೆ ಮುಂಜಾನೆ ಕುರ್ಲಾದಿಂದ ಗಾಡಿ ಅದ. ಮೂವತ್ನಾಕು ತಾಸು ಅಂತಾರ, ಮಂಜು ಇದ್ರ ಇನ್ನೊಂದು ಹನ್ನೆರಡು ಕೂಡ್ಸರಿ. ಆದ್ರೂ ಇಪ್ಪತ್ತೇಳಕ್ಕ ಮುಟ್ಟತೀವಿ."

ನಾವೆಲ್ಲ ಬಾಯಿ ತೆರೆದುಕೊಂಡು ನಿಂತೆವು. ಇಂಡಿಕೇಟರ್ ಓದಲು ಬರದ ಹೆಂಗಸು!

"ನಿನಗ್ಯಾಂಗ ಗೊತ್ತು ಇದೆಲ್ಲಾ?" ಅಂದೆ.

"ಇಪ್ಪತ್ತ ವರ್ಷದಿಂದ ಆ ಹೆಂಗಸರ ಕೈ ಹಿಡಕೊಂಡು ಕುಂತೀನಿ. ಬಳಿ ತೊಡಸೂತನಾ ಅವರು ಮತ್ತೇನ್ ಮಾತಾಡತಾರ? ಯಾವ ಗಾಡಿ, ಎಲ್ಲಿ ಇಳೀಬೇಕು, ಸೋನೌಲಿಯಾಗ ಯಾರ ಅಣ್ಣನ ಅಂಗಡಿ ಅದ, ಎಲ್ಲಾ ಗೊತ್ತು. ನೀವು ಎದರಿಗೇ ಕುಂತಿರತೀರಿ, ಕಿವಿ ಮಾತ್ರ ಕ್ರಿಕೆಟ್ಟಿನ ಕಡೆ."

ರಿಸರ್ವೇಷನ್ ಸಿಗುವ ಮಾತೇ ಇರಲಿಲ್ಲ. ಜನರಲ್ ಡಬ್ಬಿ ಅಂದಾಗ ಇಬ್ಬರು ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇವೆ ಅಂದರು. ಹೇಳಲೇ ಇಲ್ಲ. ಅವರ ಮೇಲೆ ಸಿಟ್ಟಿಲ್ಲ ನನಗೆ, ಆ ಡಬ್ಬಿ ನೋಡಿದವರಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಡಾಕ್ಟರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇದನ್ನ ಇಟ್ಟಗೋರಿ ಇಮಾಮಸಾಬ. ಇದು ಅಲ್ಲಿ ನಡಿಯಂಗಿಲ್ಲ."

ಮರುದಿನ ಕುರ್ಲಾ ಟರ್ಮಿನಸ್ಸಿನಲ್ಲಿ ಜನರಲ್ ಡಬ್ಬಿಯ ಸಾಲು ಪ್ಲಾಟ್‌ಫಾರ್ಮ್ ತುಂಬಿ ಹೊರಗೆ ತಿರುಗಿತ್ತು. ನಾನು ತಲೆಯ ಮೇಲೆ ಒಂದು ಪೆಟ್ಟಿಗೆ ಹೊತ್ತುಕೊಂಡು, ಇದು ಆಗುವ ಹೋಗುವ ಮಾತಲ್ಲ ಎಂದು ಗೊಣಗುತ್ತಾ ಬಂದೆ. ಅಷ್ಟರಲ್ಲಿ ಸಾಲಿನ ನಡುವಿನಿಂದ ಒಂದು ದನಿ ಬಂತು, "ಅರೇ, ಚೂಡಿವಾಲಿ ಚಾಚಿ!" ನಮ್ಮ ಭಾಂಡುಪ್‌ನ ಹನುಮಾನ್ ನಗರದ ಹೆಂಗಸೊಬ್ಬಳು. ಅವಳ ಹಿಂದೆ ಇನ್ನಿಬ್ಬರು. ಮೂವರ ಕೈಯಲ್ಲೂ ನಮ್ಮ ಅಂಗಡಿಯ ಬಳೆ. ಚಾಚಿ ಎಲ್ಲಿಗೆ, ಯಾಕೆ ಎಂದು ಕೇಳಿದರು. ಬೀಬೀಜಾನ ಹೇಳಿದಳು. ನಾಲ್ಕು ಮಾತಿನಲ್ಲಿ ಹೇಳಿದಳು, ಎಡಬಲದ ತಪ್ಪನ್ನೂ ಮುಚ್ಚಿಡಲಿಲ್ಲ. ಆಮೇಲೆ ನಡೆದದ್ದು ನೋಡಬೇಕಿತ್ತು. ಮಾತು ಸಾಲಿನಗುಂಟ ಮುಂದೆ ಹೋಯಿತು. ಗಾಡಿ ಬಂದಾಗ ಪೆಟ್ಟಿಗೆಗಳು ಕೈಯಿಂದ ಕೈಗೆ, ತಲೆಗಳ ಮೇಲಿನಿಂದ ಹೋಗಿ ಕಿಟಕಿಯೊಳಗೆ ಮಾಯವಾದವು. ಶೈಲಾಳನ್ನು ಇಬ್ಬರು ಹೆಂಗಸರು ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಡಾಕ್ಟರು ಬಾಗಿಲ ಹತ್ತಿರ ಕೈಗಳ ಪೆಟ್ಟಿಗೆಯ ಮೇಲೆ ಕೂತರು. ಬೀಬಿಗೆ ಕಿಟಕಿಯ ಸೀಟು.

ಗಾಡಿ ಬಿಡುವಾಗ ಅವಳು ಕಿಟಕಿಯಿಂದ, "ಅಂಗಡ್ಯಾಗ ಸಿಟ್ಟ ಮಾಡಬ್ಯಾಡ್ರಿ, ಗಿರಾಕಿ ಓಡಿ ಹೋಗ್ತಾರ" ಅಂದಳು. ನಾನು ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿದೆ. ಅವಳ ಮೇಲೆ ಅಷ್ಟು ಅಭಿಮಾನ ಉಕ್ಕಿ ಬಂದಿತ್ತು ಎಂದು ಈಗ ಹೇಳುತ್ತೇನೆ, ಅಲ್ಲಿ ಹೇಳಲಿಲ್ಲ.

ಎರಡು ದಿನ ಫೋನ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಝಾನ್ಸಿಯ ತನಕ ಗಾಡಿ ಸರಿಯಾಗಿ ಓಡಿತು. ಕಾನಪುರದ ಮುಂದೆ ಮಂಜಿನಲ್ಲಿ ನಿಂತದ್ದು ನಿಂತೇ. ಶೈಲಾ ಒಂದು ಸಂದೇಶ ಕಳಿಸಿದಳು, ಗಾಡಿ ಹದಿನಾಲ್ಕು ತಾಸು ತಡ, ಚಾಚಿ ಡಬ್ಬಿಯ ಹೆಂಗಸರಿಗೆಲ್ಲ ಕೈ ಒತ್ತಿ ಬಳೆಯ ಅಳತೆ ಹೇಳುತ್ತಿದ್ದಾರೆ ಎಂದು. ನಾನು ಅಂಗಡಿಯಲ್ಲಿ ಕೂತು ಎರಡು ದಿನದಲ್ಲಿ ಹದಿನೇಳು ಬಳೆ ಒಡೆದೆ. ಒಬ್ಬಳು ಗಿರಾಕಿ, "ಚಾಚಾ, ಚಾಚಿ ಕಬ್ ಆಯೇಂಗಿ?" ಅಂತ ಬೀಬಿ ಬರುವ ದಿನವನ್ನು ಮುಖದ ಮೇಲೇ ಕೇಳಿದಳು.

ಇಪ್ಪತ್ತೇಳರ ಸಂಜೆ ಬುಟವಲ್ ಮುಟ್ಟಿದೆವು ಎಂದು ಫೋನ್ ಬಂತು. ಗಡಿಯಲ್ಲಿ ಪಾಸ್‌ಪೋರ್ಟ್ ತೆಗೆದುಕೊಟ್ಟರೆ ಅಲ್ಲಿದ್ದವನು ಭಾರತದವರಿಗೆ ಮುದ್ರೆ ಬೇಡ ಎಂದು ಕೈ ಬೀಸಿ ಕಳಿಸಿದನಂತೆ. "ಒಂದ ಮುದ್ರಿ ಹೊಡಿಯಪಾ ಅಂತ ಕೇಳೂದಲ್ಲಾ?" ಅಂದೆ. "ನಲವತ್ತ ಮಂದಿ ಕಾಯಾಕ ಹತ್ಯಾರ, ನಿಮ್ಮ ಮುದ್ರಿ ಎಲ್ಲಿ ಹಚ್ಚಿರಿ" ಎಂದು ಫೋನ್ ಇಟ್ಟಳು.

ಮರುದಿನ ಹನ್ನೊಂದು ಗಂಟೆಗೆ ನಾನು ಒಬ್ಬ ಹೆಂಗಸಿನ ಕೈಗೆ ಬಳೆ ಏರಿಸುತ್ತಿದ್ದೆ. ಬೆರಳ ಗಂಟಿನ ತನಕ ಬಂದಿತ್ತು. ಫೋನ್ ಬಾರಿಸಿತು, ವಿಡಿಯೋ ಕಾಲ್. ಶೈಲಾ ಹಿಡಿದಿದ್ದಳು. ಶಾಲೆಯ ಒಂದು ಕೋಣೆ, ಹಿಂದೆ ಕರಿಹಲಗೆ, ಬೆಂಚುಗಳ ಮೇಲೆ ಜನ. ನೆಲದ ಮೇಲೆ ಚಾಪೆ. ಒಂದು ಕಡೆ ಬೀಬೀಜಾನ, ಎದುರಿಗೆ ಮನಮಾಯಾ.

"ಚಾಚಾ, ಫಸ್ಟ್ ಅವರದೇ ಮಾಡ್ತಾರೆ ಚಾಚಿ. ನೋಡ್ರಿ ನೀವು."

ನಾನು ಗಿರಾಕಿಯ ಕೈ ಹಾಗೇ ಬಿಟ್ಟು ಫೋನ್ ಹಿಡಿದೆ. ಬೀಬೀಜಾನ ಓಢಣಿಯ ಗಂಟು ಬಿಚ್ಚಿದಳು, ಕೈ ಹೊರಗೆ ತೆಗೆದಳು. ತೋಳಿನ ತುದಿಗೆ ಸಾಬೂನು ಸವರಿದಳು. ಎರಡು ಸಲ ಒತ್ತಿದಳು. ಓರೆ ಮಾಡಿ ತಿರುವಿದಳು. ಆ ತಿರುವು ನಮ್ಮವ್ವನದು, ನನಗೆ ಬರದೇ ಹೋದದ್ದು. ಕೈ ಹೋಗಿ ಕೂತಿತು. ನಾನು ಫೋನಿನಲ್ಲಿ ಕಣ್ಣಿಟ್ಟು ನೋಡಿದೆ, ಅದು ನನ್ನ ಎಡಗಡೆಗಿತ್ತು.

"ಏ ಬೀಬಿ! ಮತ್ತ ಎಡಗೈ! ಮತ್ತ ಅದ ತಪ್ಪ ಮಾಡೀಯಲ್ಲೇ!"

ಸ್ಟೇಷನ್ನಿಗೆ ಹೋಗುವವರೆಲ್ಲ ನಿಂತು ನೋಡಿದರು. ಫೋನಿನೊಳಗೆ ಬೀಬೀಜಾನ ತಲೆ ಎತ್ತಿದಳು. ನಲವತ್ತು ಜನರ ಎದುರಿಗೆ, ಪರದೇಶದಲ್ಲಿ, ಡಾಕ್ಟರ ಎದುರಿಗೆ ನನಗೆ ಹೇಳಿದಳು, "ಬೆನ್ನು ಮಾಡಿ ನಿಂದರ್‍ರಿ, ಆಮ್ಯಾಲ ಹೇಳ್ರಿ ಎಡಾ ಯಾವುದು ಬಲಾ ಯಾವುದು."

ನಾನು ನಿಜಕ್ಕೂ ತಿರುಗಿ ನಿಂತೆ. ಫೋನನ್ನು ಹೆಗಲ ಮೇಲಿಂದ ನೋಡಿದೆ. ಅರ್ಧ ಬಳೆ ಏರಿದ ಗಿರಾಕಿ ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ಇನ್ನೂ ಅನುಮಾನ ಹೋಗಿರಲಿಲ್ಲ.

ಬೀಬೀಜಾನ ನನ್ನ ಡಬ್ಬಿ ತೆಗೆದು, ಮನಮಾಯಾಳ ಎಡಗೈಗೆ ಹಸಿರು ಬಳೆ ತೊಡಿಸಿದಳು. ಆಮೇಲೆ ಹೊಸ ಕೈಗೆ. ಅದಕ್ಕೆ ಅಳತೆಯ ಚಿಂತೆಯಿಲ್ಲ, ಬೆರಳು ಮಡಚಿ ಸರಾಗವಾಗಿ ಏರಿಸಿದಳು. ಬಳೆ ತೊಟ್ಟ ಮೇಲೆ ಬಳೆಗಾರರಿಗೆ ನಮಸ್ಕಾರ ಮಾಡುವುದು ನಮ್ಮ ಕಡೆಯ ಪದ್ಧತಿ. ಅಲ್ಲಿಯೂ ಇದೆಯೋ, ಅವಳಿಗೆ ತಾನಾಗಿ ಅನ್ನಿಸಿತೋ, ಮನಮಾಯಾ ಎರಡೂ ಕೈ ಎತ್ತಿ ಜೋಡಿಸಿದಳು. ಹೆಬ್ಬೆರಳಿನ ಪಕ್ಕಕ್ಕೆ ಹೆಬ್ಬೆರಳು ಬಂದು ನಿಂತಿತು. ಎರಡೂ ಎದೆಯ ಕಡೆಗೇ.

ಆಗ ನನ್ನ ಅನುಮಾನ ಹೋಯಿತು. ನಾನು ಅಳುವವನಲ್ಲ, ಆ ದಿನ ಅತ್ತೆ. ವಡಾಪಾವ್‌ನವನು ಓಡಿ ಬಂದು ಏನಾಯ್ತು ಚಾಚಾ ಎಂದು ಕೇಳಿದ. "ನನ್ನ ಹೆಂಡತಿ" ಅಂದೆ, ಮತ್ತೆ ಕಣ್ಣೊರೆಸಿಕೊಂಡೆ. ಅವನು ಗಾಬರಿಬಿದ್ದು ನೀರು ತಂದುಕೊಟ್ಟ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಶೈಲಾ ಫೋನ್ ಇಡುವುದನ್ನು ಮರೆತಿದ್ದಳು, ನಾನೂ ಇಡಲಿಲ್ಲ.

ಬೀಬೀಜಾನ ಕೈ ಚಾಚಿ ಹಳೆಯ ಕೈ ಕೇಳಿದಳು. ಮನಮಾಯಾ ಅದನ್ನು ಒಂದು ಚೀಲದಲ್ಲಿ ತಂದಿದ್ದಳು. ತೆಗೆದು ತೋರಿಸಿದಳು, ಕೊಡಲಿಲ್ಲ. ಬೀಬಿ ಮತ್ತೆ ಕೇಳಿದಳು. ಅವಳು ಅದನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಮಾತು ನಮಗೆ ತಿಳಿಯಲಿಲ್ಲ, ಅಲ್ಲಿನ ಮಾಸ್ತರರೊಬ್ಬರು ಹಿಂದಿಯಲ್ಲಿ ಹೇಳಿದರು. ಬೆಟ್ಟದಲ್ಲಿ ಹುಲ್ಲಿನ ಹೊರೆಯನ್ನು ಬೆನ್ನಿಗೆ ಕಟ್ಟಿ ಹಗ್ಗ ಹಿಡಿದು ಇಳಿಯಬೇಕಂತೆ. ಹೆಬ್ಬೆರಳು ಹೊರಗಿರುವ ಈ ಕೈಗೆ ಆ ಹಗ್ಗ ಕೊಕ್ಕೆಗೆ ಬಿದ್ದ ಹಾಗೆ ಬೀಳುತ್ತದಂತೆ, ಜಾರುವುದೇ ಇಲ್ಲವಂತೆ. ವರ್ಷವೆಲ್ಲ ಹೊರೆ ಹೊತ್ತಿದ್ದಾಳೆ. ಹೊಸದು ಊಟಕ್ಕೆ, ದೇವರಿಗೆ, ನೆಂಟರ ಮನೆಗೆ. ಹಳೆಯದು ಹೊರೆಗೆ. ಎರಡೂ ಬೇಕು.

ಶೈಲಾ ಫೋನನ್ನು ಹತ್ತಿರ ಹಿಡಿದಳು. ಆ ಪ್ಲಾಸ್ಟಿಕ್ ಹೆಬ್ಬೆರಳಿನ ಬುಡದಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಇಡುವಷ್ಟು ಆಳದ ಗೆರೆ ಬಿದ್ದಿತ್ತು.

ಬೀಬೀಜಾನ ಆ ಗೆರೆಯ ಮೇಲೆ ಬೆರಳು ಓಡಿಸಿದಳು. ಬಹಳ ಹೊತ್ತು ಓಡಿಸಿದಳು. ಹನ್ನೊಂದು ತಿಂಗಳಿಂದ ಅವಳ ಮುಖದ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದದ್ದನ್ನು ನಾನು ಭಾಂಡುಪ್‌ನಲ್ಲಿ ಕೂತು ನೋಡಿದೆ. ಆಮೇಲೆ ಅವಳು ಡಾಕ್ಟರ ಕಡೆ ತಿರುಗಿ, "ಕಸಕೋಬ್ಯಾಡ್ರಿ ಸಾಬ್ರ. ಇದು ಸವದೈತಿ, ಇನ್ನೊಂದು ವರ್ಷ ಬಾಳಂಗಿಲ್ಲ. ಬರೂ ವರ್ಷ ಇಂಥಾದ ಇನ್ನೊಂದು ಮಾಡಕೊಂಡು ಬರತೀನಿ. ಈ ಸಲ ಬೇಕಂತನ" ಅಂದಳು.

ಮೂರು ದಿನದಲ್ಲಿ ನಲವತ್ತೊಂದೂ ಕೈ ತೊಡಿಸಿ, ಮತ್ತೆ ಅದೇ ಮಂಜು, ಅದೇ ಜನರಲ್ ಡಬ್ಬಿಯಲ್ಲಿ ಅವರು ಜನವರಿ ನಾಲ್ಕಕ್ಕೆ ಬಂದಿಳಿದರು. ಡಾಕ್ಟರ ಕೋಟನ್ನು ಇಸ್ತ್ರಿ ಮಾಡಿಸಿಕೊಂಡು ಹೋಗಿದ್ದೆ. ಅವರು ಅದನ್ನು ತೆಗೆದುಕೊಳ್ಳುವ ಮೊದಲು ನನ್ನ ಕೈ ಕುಲುಕಿ, "ಮುಂದಿನ ಸಲ ವಿಮಾನದ ಟಿಕೆಟ್ಟು ತಗಿಯೂ ಮೊದಲ ಚಾಚಿನ ಕೇಳತೀವಿ" ಅಂದರು.

ಈಗ ವಿಕ್ರೋಳಿಯ ಕಾರ್ಖಾನೆಗೆ ಹೋದರೆ ಗೋಡೆಯ ಮೇಲೆ ಒಂದು ಹಲಗೆ ಇದೆ. ಅಲ್ಲಿ ಮಾಡುವ ಕೈಗಳ ಪಟ್ಟಿ. ಬಲಗೈ ದೊಡ್ಡದು, ಬಲಗೈ ಸಣ್ಣದು, ಎಡಗೈ, ಹೀಗೆ ಎಂಟು. ಫೆಬ್ರುವರಿಯಲ್ಲಿ ಶೈಲಾ ಒಂಬತ್ತನೆಯದನ್ನು ಸೇರಿಸಿದ್ದಾಳೆ. ಬಲಗೈ, ಹೆಬ್ಬೆರಳು ಹೊರಗೆ, ಹೊರೆ ಹೊರುವವರಿಗೆ. ಬುಟವಲ್‌ನಿಂದ ಆಗಲೇ ಆರು ಜನ ಅದೇ ಬೇಕೆಂದು ಬರೆದಿದ್ದಾರಂತೆ. ಮಾಡಿದವರ ಹೆಸರಿನ ಜಾಗದಲ್ಲಿ ಬೀಬೀಜಾನ ಇಮಾಮಸಾಬ ಬಳೆಗಾರ ಎಂದಿದೆ. ನನ್ನ ಹೆಸರು ನಡುವೆ ಬರುವುದು ಅವಳ ದೆಸೆಯಿಂದ. ಪಾಸ್‌ಪೋರ್ಟಿನಲ್ಲಿ ಮುದ್ರೆ ಎಲ್ಲಿ ಎಂದು ಕೇಳಿದವರನ್ನು ಈಗ ನಾನೇ ಲೋಕಲ್ ಹತ್ತಿಸಿ ಕರೆದುಕೊಂಡು ಹೋಗಿ ಆ ಹಲಗೆಯ ಎದುರು ನಿಲ್ಲಿಸುತ್ತೇನೆ.